ಕರಗಿಸುವ ಮದ್ದು, ಹಿಡಿದೆಳೆಯುವ ಬಲೆ

ಪುಣೆಯಿಂದ ಹೊರಟು ಸೊಲ್ಲಾಪುರವನ್ನು ಹಾದು ಹೈದರಾಬಾದಿಗೂ, ಅಲ್ಲಿಂದಾಚೆ ಮಚಲೀಪಟ್ಟಣದ ಕಡಲತಡಿಗೂ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಬಸವಕಲ್ಯಾಣ ಹುಮನಾಬಾದುಗಳ ನಡುವೆ ರಾಜೇಶ್ವರವನ್ನು ತಾಗಿಕೊಂಡೇ ಸಾಗುವುದರಿಂದ, ಆ ಊರಿನಲ್ಲಿ ಬೆಳಗು ಕೋಳಿಯ ಕೂಗಿಗಿಂತ ಮುಂಚೆ ಲಾರಿಗಳ ಸದ್ದಿನಲ್ಲಿ ಮೂಡುತ್ತದೆ. ಅಂಥದೊಂದು ಬೆಳಗಿನಲ್ಲಿ, ತೊಗರಿಯ ಹೊಲಕ್ಕೆ ಹೊರಡಲು ಅಣಿಯಾಗಿ ಕಟ್ಟೆಯ ಮೇಲೆ ಕುಳಿತ ಅರವತ್ತು ವರ್ಷದ ಯಜಮಾನನೊಬ್ಬನು ಚಹಾದ ಲೋಟಕ್ಕೆ ಬಲಗೈ ಚಾಚಬೇಕೆಂದಾಗ ಕೈ ಏಳದೆ ಹೋಗುವುದನ್ನೂ, ‘ಏನಾಯ್ತ್ರೀ’ ಎಂದು ಹೆಂಡತಿ ಕೇಳಿದ ಮಾತಿಗೆ ಉತ್ತರವು ನಾಲಗೆಯಲ್ಲಿ ತೊಡರಿ ಬರಿಯ ಧ್ವನಿಯಾಗಿ ಹೊರಡುವುದನ್ನೂ, ತುಟಿಯ ಒಂದು ಅಂಚು ಕೆಳಕ್ಕೆ ಜೋಲುವುದನ್ನೂ ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಇಂಥ ಬೆಳಗುಗಳು ಯಾವ ಊರಿಗೂ ಅಪರಿಚಿತವಲ್ಲ.

‘ಅಪ್ಪಗ ಲಕ್ವಾ ಹೊಡದದ’ ಎಂದು ಮಗ ಕೂಗುವಷ್ಟರಲ್ಲಿ ಓಣಿಯ ಮಂದಿಯೆಲ್ಲ ನೆರೆಯುತ್ತಾರೆ. ಎಣ್ಣೆ ಕಾಸಿ ತಿಕ್ಕಿರೆನ್ನುವವರು ಒಬ್ಬರು. ಪಾರಿವಾಳದ ಬಿಸಿನೆತ್ತರು ಸವರಿದರೆ ಸೆಡೆತ ಬಿಡುತ್ತದೆನ್ನುವವರು ಇನ್ನೊಬ್ಬರು. ಬಿಸಿಲೇರುವ ತನಕ ಮಲಗಿಸಿದರೆ ತಾನೇ ಸರಿಹೋದೀತೆಂದು ಸಮಾಧಾನ ಹೇಳುವವರು ಮತ್ತೊಬ್ಬರು. ಇವರೆಲ್ಲರ ನಡುವೆ ಪಟ್ಟಣ ಕಂಡುಬಂದ ತರುಣನೊಬ್ಬ ‘ಎಲ್ಲೂ ನಿಲ್ಲಬ್ಯಾಡ್ರಿ, ಸೀದಾ ಹೈದ್ರಾಬಾದಿಗೇ ಒಯ್ರಿ’ ಎಂದು ಗಾಡಿ ತರಲು ಓಡುತ್ತಾನೆ. ಹೇಳುವವರೆಲ್ಲರ ಮನಸ್ಸಿನಲ್ಲಿರುವುದೂ ಅಕ್ಕರೆಯೇ. ಮೊದಲ ಮೂರು ಸಲಹೆಗಳಿಂದ ಅಮೂಲ್ಯವಾದ ಹೊತ್ತು ಹಾಳಾಗುವುದೆಂದು ಇಂದು ಅನೇಕರು ಬಲ್ಲರು. ಆದರೆ ನಾಲ್ಕನೆಯ ಸಲಹೆ, ನೋಡಲು ಎಲ್ಲಕ್ಕಿಂತ ವಿವೇಕದ್ದೆಂದು ತೋರುವ ಸಲಹೆ, ಅರ್ಧ ಮಾತ್ರ ಸರಿಯಾದುದು. ಅದರ ಉಳಿದರ್ಧ ಏಕೆ ಸರಿಯಲ್ಲವೆಂಬುದನ್ನು ತಿಳಿಯಬೇಕಾದರೆ ಈ ವ್ಯಾಧಿಗೆ ಕಳೆದ ಮೂವತ್ತು ವರ್ಷಗಳಲ್ಲಿ ಒದಗಿಬಂದ ಎರಡು ಚಿಕಿತ್ಸೆಗಳನ್ನೂ, ಅವುಗಳ ಪರಸ್ಪರ ಸಂಬಂಧವನ್ನೂ ಸ್ವಲ್ಪ ಸಾವಧಾನದಿಂದ ಅರಿಯಬೇಕಾಗುತ್ತದೆ.

ನೀರು ನಿಂತ ಕಾಲುವೆ

ಚರಕನು ಪಕ್ಷವಧವೆಂದೂ ಸುಶ್ರುತನು ಪಕ್ಷಾಘಾತವೆಂದೂ ಕರೆದ ಈ ವ್ಯಾಧಿಯನ್ನು ನಾವು ಪಾರ್ಶ್ವವಾಯು ಎನ್ನುತ್ತೇವೆ. ಬೀದರ ಸೀಮೆಯ ಆಡುಮಾತಿನಲ್ಲಿ ಉರ್ದುವಿನ ಮೂಲಕ ಬಂದ ಲಕ್ವಾ ಎಂಬ ಹೆಸರೇ ಹೆಚ್ಚು ಬಳಕೆಯದು. ಈ ಹೆಸರುಗಳೆಲ್ಲ ಕಣ್ಣಿಗೆ ಕಾಣುವ ಕೈಕಾಲು ಮುಖಗಳ ಸೋಲನ್ನು ಹೇಳುತ್ತವೆಯೇ ಹೊರತು, ಕಾಣದ ಮೂಲವನ್ನು ಹೇಳುವುದಿಲ್ಲ. ಕೈಯಲ್ಲಿ ಯಾವ ದೋಷವೂ ಇಲ್ಲ. ಕೈಯನ್ನು ಆಳುವ ಮಿದುಳಿನ ಭಾಗಕ್ಕೆ ರಕ್ತವು ನಿಂತುಹೋಗಿದೆ. ಆದಕಾರಣ ಕೈಯನ್ನು ಎಷ್ಟು ತಿಕ್ಕಿದರೂ ಫಲವಿಲ್ಲ.

ಮಿದುಳಿಗೆ ಒದಗುವ ಆಘಾತದಲ್ಲಿ ಎರಡು ಬಗೆ. ಒಂದರಲ್ಲಿ ರಕ್ತನಾಳ ಒಡೆದು ನೆತ್ತರು ಹೊರಕ್ಕೆ ಸುರಿಯುತ್ತದೆ. ಇನ್ನೊಂದರಲ್ಲಿ ಹೆಪ್ಪುಗಟ್ಟಿದ ರಕ್ತದ ಗಂಟೊಂದು ನಾಳದಲ್ಲಿ ಸಿಕ್ಕಿಕೊಂಡು ದಾರಿಯನ್ನು ಮುಚ್ಚುತ್ತದೆ. ಹೆಚ್ಚಿನವು ಈ ಎರಡನೆಯ ಬಗೆಯವು. ನಮ್ಮ ಲೇಖನದ ವಿಷಯವೂ ಅದೇ. ಆದರೆ ಹೊರಗಿನಿಂದ ನೋಡಿದವರಿಗೆ, ಅವರು ಎಷ್ಟೇ ಅನುಭವಿ ವೈದ್ಯರಾಗಿರಲಿ, ಇವೆರಡರ ಭೇದವು ನಿಶ್ಚಯವಾಗಿ ತಿಳಿಯದು, ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಒಂದಕ್ಕೆ ಅಮೃತವಾಗುವ ಮದ್ದು ಇನ್ನೊಂದಕ್ಕೆ ವಿಷವಾಗುವುದರಿಂದ, ಸ್ಕ್ಯಾನ್ ಆಗುವ ಮೊದಲು ಮನೆಯಲ್ಲಿ ಯಾರೂ ಆಸ್ಪಿರಿನ್ ಗುಳಿಗೆಯನ್ನು ಕೊಡಬಾರದು.

ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಇರುವ ಮಿದುಳು, ನಾವು ಉಸಿರಾಡಿ ಪಡೆದ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನು ಬೇಡುತ್ತದೆ. ಬೇಡಿದ್ದು ದೊರೆಯದಿದ್ದರೆ ತಾಳುವ ಶಕ್ತಿ ಅದಕ್ಕಿಲ್ಲ. ಕಾರಂಜಾ ಕಾಲುವೆಯ ನೀರನ್ನು ನಂಬಿದ ಒಕ್ಕಲಿಗನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ದೊಡ್ಡ ಕಾಲುವೆಗೆ ಮಣ್ಣು ಕುಸಿದು ಅಡ್ಡವಾದರೆ ಅದರ ಬಾಯಿಗೇ ಇರುವ ಮಡಿ ಮೊದಲು ಒಣಗುತ್ತದೆ; ಸುತ್ತಲಿನ ಮಡಿಗಳಿಗೆ ಪಕ್ಕದ ಸಣ್ಣ ಕಾಲುವೆಗಳಿಂದ ಅಷ್ಟಿಷ್ಟು ನೀರು ಜಿನುಗುತ್ತಿದ್ದು, ಬೆಳೆ ಬಾಡಿದರೂ ಬೇರು ಇನ್ನೂ ಹಸಿಯಾಗಿರುತ್ತದೆ. ಮಿದುಳಿನಲ್ಲಿಯೂ ಹಾಗೆಯೇ: ನಡುವೆ ಸತ್ತ ಭಾಗ, ಅದರ ಸುತ್ತ ಮಾತಾಡಲಾರದೆ ಕೆಲಸಮಾಡಲಾರದೆ ಮೂರ್ಛೆಹೋಗಿ, ಆದರೂ ಬದುಕಿಕೊಂಡೇ ಇರುವ ಭಾಗ. ಗ್ರಹಣಕಾಲದ ಅರೆನೆರಳಿನ ಹೆಸರನ್ನೇ ವೈದ್ಯರು ಇದಕ್ಕೆ ಇಟ್ಟಿದ್ದಾರೆ. ಚಿಕಿತ್ಸೆಯೆಲ್ಲ ಈ ಅರೆನೆರಳನ್ನು ಉಳಿಸಿಕೊಳ್ಳುವುದಕ್ಕಾಗಿ.

ಎಷ್ಟು ಹೊತ್ತು ಉಳಿದೀತು? ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ಎಂಬವರು 2006ರಲ್ಲಿ ಮಾಡಿದ ಗಣನೆಯಂತೆ, ದೊಡ್ಡ ನಾಳ ಮುಚ್ಚಿಹೋದಾಗ ಸರಾಸರಿ ನಿಮಿಷವೊಂದಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ. ಎಣ್ಣೆ ಕಾಯುವಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯನ ಎಷ್ಟು ಮಾತು, ಎಷ್ಟು ನಡಿಗೆ, ಎಷ್ಟು ಲೆಕ್ಕಾಚಾರ ಅಳಿದುಹೋಗಬಹುದೆಂದು ಯೋಚಿಸಿದರೆ ಎದೆ ನಡುಗುತ್ತದೆ.

ಕರಗಿಸುವ ಮದ್ದು

ರಕ್ತದ ಹೆಪ್ಪೆಂಬುದು ಕೆಸರಿನ ಮುದ್ದೆಯಂತೆ ತೋರಿದರೂ ಅದರೊಳಗೆ ಫೈಬ್ರಿನ್ ಎಂಬ ನವುರಾದ ಎಳೆಗಳ ಜಾಲವೊಂದಿದ್ದು, ಕೆಂಪು ಕಣಗಳೂ ಇತರ ಕಣಗಳೂ ಆ ಜಾಲದಲ್ಲಿ ಸಿಕ್ಕಿಬಿದ್ದಿರುತ್ತವೆ. ಎಳೆಗಳನ್ನು ತುಂಡರಿಸಿದರೆ ಹೆಪ್ಪು ತಾನಾಗಿ ಸಡಿಲುತ್ತದೆ. ತುಂಡರಿಸುವ ಕತ್ತರಿಯನ್ನು ಪ್ರಕೃತಿಯೇ ನಮ್ಮ ರಕ್ತದಲ್ಲಿ ಸುಪ್ತವಾಗಿ ಇಟ್ಟಿದೆ. ಅದನ್ನು ಎಚ್ಚರಿಸುವ ದ್ರವ್ಯವೊಂದು ಬೇಕು.

ಆ ದ್ರವ್ಯದ ಶೋಧದ ಕಥೆ ವಿಚಿತ್ರವಾದುದು. ಗಂಟಲುಬೇನೆ ತರುವ ಸ್ಟ್ರೆಪ್ಟೊಕಾಕಸ್ ಕ್ರಿಮಿಯು ಹೆಪ್ಪನ್ನು ಕರಗಿಸಬಲ್ಲದೆಂದು 1933ರಲ್ಲಿ ವಿಲಿಯಂ ಟಿಲೆಟ್ ಕಂಡುಕೊಂಡರು. ಅದರಿಂದ ಬಂದ ಮದ್ದು ಮುಂದೆ ಹೃದಯಾಘಾತದಲ್ಲಿ ಉಪಕಾರಿಯಾದರೂ ಮಿದುಳಿನಲ್ಲಿ ರಕ್ತಸ್ರಾವವನ್ನು ಹೆಚ್ಚಿಸಿ ಹಿಮ್ಮೆಟ್ಟಿತು. ಹೆಚ್ಚು ಸೌಮ್ಯವಾದ ದ್ರವ್ಯವು ದೊರೆತದ್ದು ಚರ್ಮದ ಅರ್ಬುದವೊಂದರ ಕೋಶಗಳಲ್ಲಿ. ಬೆಲ್ಜಿಯಮ್ಮಿನ ಡೆಸಿರೆ ಕೊಲೆನ್ ಮತ್ತು ಅವರ ಸಂಗಡಿಗರು ಅದನ್ನು ಬೇರ್ಪಡಿಸಿದರು, ಅಮೆರಿಕದ ಡಯಾನ್ ಪೆನ್ನಿಕಾ 1980ರ ದಶಕದ ಆರಂಭದಲ್ಲಿ ಅದರ ವಂಶವಾಹಿಯನ್ನು ಹಿಡಿದು ಪ್ರಯೋಗಶಾಲೆಯಲ್ಲಿಯೇ ತಯಾರಿಸುವ ದಾರಿಯನ್ನು ತೆರೆದರು. ರೋಗವನ್ನೂ ಮದ್ದನ್ನೂ ಒಂದೇ ಗೂಡಿನಲ್ಲಿ ಅಡಗಿಸಿಡುವ ಪ್ರಕೃತಿಯ ಈ ಬಗೆಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಹೀಗೆ ಬಂದ ಆಲ್ಟೆಪ್ಲೇಸ್ ಎಂಬ ಔಷಧವನ್ನು 624 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶವು 1995ರ ಡಿಸೆಂಬರಿನಲ್ಲಿ ಪ್ರಕಟವಾದಾಗ, ಅದುವರೆಗೆ ಕೈಕಟ್ಟಿ ನೋಡುವುದೊಂದೇ ಗತಿಯಾಗಿದ್ದ ವೈದ್ಯರಿಗೆ ಮೊದಲ ಬಾರಿಗೆ ಒಂದು ಆಯುಧ ದೊರೆತಂತಾಯಿತು. ಮೂರು ಗಂಟೆಯೊಳಗೆ ಮದ್ದನ್ನು ಪಡೆದವರಲ್ಲಿ, ಮೂರು ತಿಂಗಳ ತರುವಾಯ ಅಂಗವೈಕಲ್ಯವಿಲ್ಲದೆ ಅಥವಾ ಅತ್ಯಲ್ಪ ವೈಕಲ್ಯದೊಡನೆ ಇರುವ ಸಂಭವವು ಪಡೆಯದವರಿಗಿಂತ ನೂರಕ್ಕೆ 30ರಷ್ಟಾದರೂ ಹೆಚ್ಚಾಗಿತ್ತು. ಅಪಾಯವೂ ಇಲ್ಲದಿರಲಿಲ್ಲ: ಮದ್ದು ಪಡೆದ ನೂರರಲ್ಲಿ ಆರು ಮಂದಿಗಿಂತ ತುಸು ಹೆಚ್ಚು ಜನರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಆ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಟ್ಟಿನಲ್ಲಿ ಲಾಭವೇ ಉಳಿಯಿತು. ಕಾಲದ ಮಿತಿಯನ್ನು ನಾಲ್ಕೂವರೆ ಗಂಟೆಯವರೆಗೆ ಹಿಗ್ಗಿಸಬಹುದೆಂದು 2008ರಲ್ಲಿ ಯುರೋಪಿನ ಪ್ರಯೋಗವೊಂದು ತೋರಿಸಿಕೊಟ್ಟಿತು.

ಆದರೆ ಈ ಮದ್ದಿಗೂ ಒಂದು ಸೋಲುಂಟು. ಸಣ್ಣ ನಾಳದ ಸಣ್ಣ ಹೆಪ್ಪನ್ನು ಅದು ಸೊಗಸಾಗಿ ಕರಗಿಸುತ್ತದೆ. ಕೊರಳಿನಿಂದ ಮೇಲೇರಿ ಮಿದುಳನ್ನು ಹೊಗುವ ಹೆಬ್ಬಾಗಿಲಿನಂಥ ದೊಡ್ಡ ಧಮನಿಯಲ್ಲಿ ಉದ್ದವಾದ ಹೆಪ್ಪು ಕುಳಿತರೆ, ಹರಿವೇ ಇಲ್ಲದ ಆ ಜಾಗಕ್ಕೆ ಮದ್ದು ತಲುಪುವುದೇ ದುಸ್ತರವಾಗಿ, ಬಹು ಮಂದಿಯಲ್ಲಿ ಅದು ಸೋಲುತ್ತದೆ. ಹೆಪ್ಪಿನ ಉದ್ದ 8 ಮಿಲಿಮೀಟರನ್ನು ಮೀರಿದರೆ ಮದ್ದಿನಿಂದಲೇ ದಾರಿ ತೆರೆಯುವ ಸಂಭವ ತೀರ ಕಡಿಮೆಯೆಂದು ಅಳೆದು ನೋಡಿದವರು ಹೇಳುತ್ತಾರೆ. ಅತಿ ಘೋರವಾದ ಪಾರ್ಶ್ವವಾಯುಗಳು ಈ ದೊಡ್ಡ ಧಮನಿಗೆ ಸೇರಿದವೇ.

ಹಿಡಿದೆಳೆಯುವ ಬಲೆ

ಕರಗದ್ದನ್ನು ಕಿತ್ತೇ ತೆಗೆದರಾಗದೆ ಎಂಬ ಯೋಚನೆಯಿಂದ ಹುಟ್ಟಿದ್ದು ಥ್ರಾಂಬೆಕ್ಟಮಿ. ತಲೆಬುರುಡೆಯನ್ನು ತೆರೆಯುವ ಶಸ್ತ್ರಕ್ರಿಯೆಯೆಂದು ಇದನ್ನು ಭಾವಿಸಬಾರದು. ತೊಡೆಸಂದಿನ ಧಮನಿಯಲ್ಲಿ ಸೂಜಿಯ ರಂಧ್ರವೊಂದನ್ನು ಮಾಡಿ, ಅದರ ಮೂಲಕ ಕ್ಯಾಥೆಟರ್ ಎಂಬ ನೀಳವಾದ ಕೊಳವೆಯನ್ನು ತೂರಿಸಿ, ಹೊಟ್ಟೆ ಎದೆಗಳ ಮಹಾಧಮನಿಯ ಹಾದಿಯಾಗಿ ಕೊರಳಿಗೂ ಅಲ್ಲಿಂದ ಮಿದುಳಿನ ಧಮನಿಗೂ ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ ಏರಿಸುತ್ತಾರೆ. ಹೆಪ್ಪಿರುವ ತಾಣ ಸಿಕ್ಕಿದೊಡನೆ, ಕೊಳವೆಯೊಳಗೆ ಮುದುಡಿಕೊಂಡಿದ್ದ ತಂತಿಯ ಬಲೆಯೊಂದು ಅಲ್ಲಿ ಅರಳಿ ಹೆಪ್ಪಿನೊಳಕ್ಕೆ ಹೆಣೆದುಕೊಳ್ಳುತ್ತದೆ. ಕೆಲವು ನಿಮಿಷ ಕಾದು, ಮೀನನ್ನು ಬಲೆಯೊಡನೆ ದಡಕ್ಕೆಳೆಯುವ ಹಾಗೆ, ಹೆಪ್ಪನ್ನು ಬಲೆಯೊಡನೆ ಹೊರಕ್ಕೆ ಸೆಳೆಯುತ್ತಾರೆ. ಬಲೆಯ ಬದಲು, ಇಲ್ಲವೆ ಬಲೆಯ ಜೊತೆಗೆ, ಕೊಳವೆಯಿಂದಲೇ ಹೀರಿ ತೆಗೆಯುವ ಕ್ರಮವೂ ಉಂಟು.

ಬಿರಡೆ ತೆಗೆಯುವ ತಿರುಪಿನ ಆಕಾರದ ಮೊದಲ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2004ರಲ್ಲಿ. ಆದರೆ 2013ರಲ್ಲಿ ಮೂರು ಪ್ರಯೋಗಗಳು ಒಂದರ ಹಿಂದೊಂದು ಪ್ರಕಟವಾಗಿ, ಮದ್ದಿಗಿಂತ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಸಾರಿದುವು. ಸಾಧನ ಹಳೆಯದು, ದೊಡ್ಡ ಧಮನಿ ನಿಜವಾಗಿ ಮುಚ್ಚಿದೆಯೇ ಎಂದು ಮೊದಲೇ ನೋಡಿ ರೋಗಿಯನ್ನು ಆರಿಸುವ ಕ್ರಮ ಎಲ್ಲೆಡೆ ಇರಲಿಲ್ಲ, ಕೆಲಸಕ್ಕೆ ತೊಡಗುವುದರಲ್ಲಿಯೂ ವಿಳಂಬ. ಅನೇಕರು ಆಸೆ ಬಿಟ್ಟರು. ಬಿಡದೆ ನಿಂತವರ ಶ್ರಮದಿಂದ ಎರಡೇ ವರ್ಷದಲ್ಲಿ ಗಾಳಿಯ ದಿಕ್ಕು ಬದಲಾಯಿತು: ನೆದರ್ಲೆಂಡ್ಸಿನ 500 ರೋಗಿಗಳ ಪ್ರಯೋಗ ಮುಂದಾಗಿ, 2015ರಲ್ಲಿ ಐದು ಪ್ರಯೋಗಗಳು ಒಂದೇ ಮಾತನ್ನು ಹೇಳಿದುವು. ಆ ಐದರ 1287 ರೋಗಿಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ, ಬಲೆಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 46 ಮಂದಿ ಮೂರು ತಿಂಗಳ ಮೇಲೆ ಯಾರ ಆಸರೆಯೂ ಇಲ್ಲದೆ ಬಾಳುತ್ತಿದ್ದರು. ಪಡೆಯದವರಲ್ಲಿ ಹಾಗಿದ್ದವರು 26 ಚಿಲ್ಲರೆ. ತರುವಾಯ 2018ರಲ್ಲಿ ಬಂದ ಎರಡು ಪ್ರಯೋಗಗಳು, ಅರೆನೆರಳು ಇನ್ನೂ ಉಳಿದಿದೆಯೆಂದು ಸ್ಕ್ಯಾನಿನಲ್ಲಿ ಕಂಡುಬಂದ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಇದು ಫಲಿಸಬಲ್ಲದೆಂದು ತೋರಿಸಿದುವು.

ಒಂದು ಸಂಗತಿಯನ್ನು ಮಾತ್ರ ಈ ಹರ್ಷದಲ್ಲಿ ಮರೆಯಬಾರದು. ಆ ಐದು ಪ್ರಯೋಗಗಳಲ್ಲಿ ಬಲೆಯ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನರು ಅದಕ್ಕೆ ಮೊದಲು ಕರಗಿಸುವ ಮದ್ದನ್ನೂ ಪಡೆದಿದ್ದರು. ಗೆದ್ದದ್ದು ಬಲೆಯೊಂದೇ ಅಲ್ಲ, ಜೋಡಿ.

ಒಂದು ಸಾಲದೆ?

ಹಾಗಿದ್ದರೂ ಒಂದು ಪ್ರಶ್ನೆ ನ್ಯಾಯವಾಗಿಯೇ ಎದ್ದಿತು. ಹೇಗೂ ಹೆಪ್ಪನ್ನು ಎಳೆದು ತೆಗೆಯುವುದಾದ ಮೇಲೆ ಮುಂಚೆ ಮದ್ದನ್ನು ಕೊಡುವುದೇಕೆ? ಅದರಿಂದ ರಕ್ತಸ್ರಾವದ ಭಯ, ಹೆಚ್ಚಿನ ಖರ್ಚು. ಹೆಪ್ಪು ಅರೆಬರೆ ಕರಗಿ ತುಂಡಾಗಿ ಬಲೆಗೆ ಎಟುಕದ ಸಣ್ಣ ನಾಳಗಳಿಗೆ ಸರಿದುಹೋಗುವ ಶಂಕೆ. ಮದ್ದಿನ ಪರವಾಗಿ ವಾದಿಸಿದವರು ಹೇಳಿದ್ದಾದರೂ ಅಷ್ಟೇ ಯುಕ್ತವಾಗಿತ್ತು: ಕೆಲವರಲ್ಲಿ ಬಲೆ ತಲುಪುವ ಮುಂಚೆಯೇ ಹೆಪ್ಪು ಕರಗಿಬಿಡುತ್ತದೆ, ಎಳೆಯುವಾಗ ಉದುರಿದ ಚೂರುಗಳನ್ನು ಮದ್ದು ಕರಗಿಸುತ್ತದೆ, ಅಂಕುಡೊಂಕಾದ ಧಮನಿಯಲ್ಲಿ ಕೊಳವೆ ಏರದೆ ಹೋದರೆ ರೋಗಿಗೆ ಉಳಿಯುವ ಆಸರೆ ಅದೊಂದೇ.

ಚೀನಾದಲ್ಲಿ 656 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವು ಮದ್ದನ್ನು ಬಿಟ್ಟು ನೇರವಾಗಿ ಬಲೆ ಹಾಕಿದರೂ ಫಲಿತಾಂಶ ಕೀಳಾಗದೆಂದಿತು. ಅದರಲ್ಲಿ ಬಲೆ ಹಾಕುವ ಮೊದಲೇ ಹರಿವು ಮರಳಿದ್ದವರು ಮದ್ದಿಲ್ಲದವರಲ್ಲಿ ನೂರಕ್ಕೆ 2.4, ಮದ್ದು ಪಡೆದವರಲ್ಲಿ 7. ಜಪಾನು, ಯುರೋಪು, ಆಸ್ಟ್ರೇಲಿಯಗಳಲ್ಲಿಯೂ ಪ್ರಯೋಗಗಳಾದುವು. ಒಟ್ಟು ಆರು ಪ್ರಯೋಗಗಳ 2313 ರೋಗಿಗಳನ್ನು ಒಟ್ಟುಗೂಡಿಸಿ 2023ರಲ್ಲಿ ತೂಗಿ ನೋಡಿದಾಗ, ತಕ್ಕಡಿಯ ಎರಡೂ ತಟ್ಟೆಗಳು ಬಹುಮಟ್ಟಿಗೆ ಸಮನಾಗಿ ನಿಂತುವಾದರೂ, ಮದ್ದನ್ನು ಬಿಟ್ಟರೆ ನಷ್ಟವಿಲ್ಲವೆಂಬ ಮಾತನ್ನು ಸಾಬೀತುಪಡಿಸಲಾಗಲಿಲ್ಲ. ಮರುವರ್ಷ ಅದೇ ಲೆಕ್ಕವನ್ನು ಕಾಲಾನುಸಾರ ಬಿಡಿಸಿ ನೋಡಿದಾಗ ಹೊಳೆದ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು: ರೋಗ ಬಡಿದ ಹೊತ್ತಿನಿಂದ ಸುಮಾರು 2 ಗಂಟೆ 20 ನಿಮಿಷದೊಳಗೆ ಮದ್ದನ್ನು ಕೊಟ್ಟರೆ, ಬಲೆಯೊಡನೆ ಅದು ಸ್ಪಷ್ಟವಾದ ಹೆಚ್ಚಿನ ಲಾಭವನ್ನು ತರುತ್ತದೆ, ಅನಂತರ ಆ ಲಾಭ ಮಸುಕಾಗುತ್ತ ಹೋಗುತ್ತದೆ.

ಇಷ್ಟರಲ್ಲಿ ಮದ್ದಿನಲ್ಲಿಯೇ ಸುಧಾರಣೆಯಾಗಿತ್ತು. ಆಲ್ಟೆಪ್ಲೇಸ್ ರಕ್ತದಲ್ಲಿ ಕೆಲವೇ ನಿಮಿಷ ನಿಲ್ಲುವುದರಿಂದ ಅದನ್ನು ಒಂದು ಗಂಟೆಯ ಕಾಲ ಪಂಪಿನ ಮೂಲಕ ಹನಿಹನಿಯಾಗಿ ಕೊಡಬೇಕು. ಅದರ ರಚನೆಯಲ್ಲಿ ಮೂರು ಕಡೆ ತಿದ್ದುಪಡಿ ಮಾಡಿ ಪಡೆದ ಟೆನೆಕ್ಟೆಪ್ಲೇಸ್ ಹೆಚ್ಚು ಹೊತ್ತು ನಿಂತು, ಫೈಬ್ರಿನ್ ಎಳೆಗಳನ್ನು ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ಒಂದೇ ಚುಚ್ಚುಮದ್ದಿನಲ್ಲಿ ಕೆಲಸ ಮುಗಿಯುತ್ತದೆ. ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ಬಲೆಯ ಚಿಕಿತ್ಸೆಗೆಂದು ಹೊರಟವರಲ್ಲಿ ಬಲೆ ಹಾಕುವ ಮೊದಲೇ ಹರಿವು ಮರಳಿದ್ದವರು ಹಳೆಯ ಮದ್ದಿನಲ್ಲಿ ನೂರಕ್ಕೆ 10 ಮಂದಿ, ಹೊಸದರಲ್ಲಿ 22. ಚೀನಾದಲ್ಲಿ 550 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಲೆಗೆ ಮೊದಲು ಟೆನೆಕ್ಟೆಪ್ಲೇಸ್ ಪಡೆದವರಲ್ಲಿ ನೂರಕ್ಕೆ 52.9 ಮಂದಿ ಸ್ವತಂತ್ರವಾಗಿ ಬಾಳುವಂತಾದರು; ಬಲೆಯೊಂದನ್ನೇ ಪಡೆದವರಲ್ಲಿ 44.1 ಮಂದಿ. ವಾದವು ಇಲ್ಲಿಗೆ ಪೂರ್ತಿಯಾಗಿ ಮುಗಿಯಿತೆನ್ನಲಾರೆ. ಆದರೆ ತಕ್ಕಡಿ ಯಾವ ಕಡೆಗೆ ವಾಲಿದೆಯೆಂಬುದು ಸ್ಪಷ್ಟ.

ಎಲ್ಲರಿಗೂ ಮದ್ದು ಸಲ್ಲದು. ಈಚೆಗೆ ದೊಡ್ಡ ಶಸ್ತ್ರಕ್ರಿಯೆಯಾದವರು, ರಕ್ತವನ್ನು ತೆಳುಮಾಡುವ ಕೆಲವು ಔಷಧಗಳಲ್ಲಿರುವವರು, ರಕ್ತದೊತ್ತಡ 185/110ರಿಂದ ಕೆಳಗಿಳಿಯದವರು ಮೊದಲಾದವರಿಗೆ ಬಲೆಯೊಂದೇ ಮಾರ್ಗ. ಎರಡಕ್ಕೂ ಅರ್ಹನಾದವನಿಗೆ ಎರಡನ್ನೂ ಕೊಡಬೇಕು. ಮದ್ದು ಫಲಿಸೀತೇನೋ ಎಂದು ಕಾಯುತ್ತ ಬಲೆಯನ್ನು ತಡೆಯಬಾರದು. ಅಮೆರಿಕ ಯುರೋಪುಗಳ ತಜ್ಞಮಂಡಲಿಗಳ ಅಭಿಮತವೂ ಇದೇ.

ರಸ್ತೆಯ ಲೆಕ್ಕ

ಈಗ ರಾಜೇಶ್ವರದ ಕಟ್ಟೆಗೆ ಮರಳೋಣ. ಮೇಲೆ ಹೇಳಿದ ಆರು ಪ್ರಯೋಗಗಳಲ್ಲಿ ಒಂದು ಅಂಶ ಸಮಾನವಾದುದು: ರೋಗಿಗಳು ಬಲೆಯ ಚಿಕಿತ್ಸೆ ದೊರೆಯುವ ದೊಡ್ಡ ಆಸ್ಪತ್ರೆಗೇ ಬಂದವರು. ಮದ್ದಿಗೂ ಬಲೆಗೂ ನಡುವೆ ಅವರಿಗಿದ್ದ ಅಂತರ ಒಂದು ಕೋಣೆಯಿಂದ ಇನ್ನೊಂದು ಕೋಣೆಯದು. ನಮ್ಮ ಯಜಮಾನನಿಗಿರುವ ಅಂತರ ಎರಡು ರಾಜ್ಯಗಳದು.

ಹುಮನಾಬಾದು ಅರ್ಧ ಗಂಟೆಯೊಳಗಿನ ಹಾದಿ. ಅಲ್ಲಿಂದ ಬೀದರ ಒಂದು ದಿಕ್ಕಿಗೆ, ಕಲಬುರಗಿ ಇನ್ನೊಂದು ದಿಕ್ಕಿಗೆ. ಎರಡಕ್ಕೂ ಒಂದು ಗಂಟೆಯಷ್ಟಾದರೂ ಬೇಕು. ಹೈದರಾಬಾದು 150 ಕಿಲೋಮೀಟರಿಗೂ ಮಿಕ್ಕ ದೂರ. ನಿಜಾಮರ ಆಳ್ವಿಕೆ ಕಳೆದು ಮುಕ್ಕಾಲು ಶತಮಾನವಾಗಿದ್ದರೂ ಈ ಸೀಮೆಯ ಜನಕ್ಕೆ ‘ದೊಡ್ಡ ದವಾಖಾನೆ’ ಎಂದರೆ ಇಂದಿಗೂ ಹೈದರಾಬಾದೇ. ಬಲೆಯ ಚಿಕಿತ್ಸೆಯನ್ನು ಹಗಲಿರುಳೂ ನಡೆಸಬಲ್ಲ ತಜ್ಞರೂ ಯಂತ್ರಗಳೂ ಬಹುಮಟ್ಟಿಗೆ ಮಹಾನಗರಗಳಲ್ಲಿಯೇ ಇರುವುದರಿಂದ ಆ ನಂಬಿಕೆಯನ್ನು ತಪ್ಪೆನ್ನುವಂತೆಯೂ ಇಲ್ಲ. ಬೆಳಗಿನ ಆರಕ್ಕೆ ಕೈ ಸೋತು, ಆರೂವರೆಗೆ ಗಾಡಿ ಹೊರಟು, ಜಹೀರಾಬಾದನ್ನು ದಾಟಿ, ನಗರದ ಹೊರವಲಯದ ಸಂದಣಿಯಲ್ಲಿ ನಿಂತು ನಿಂತು ಆಸ್ಪತ್ರೆಯ ಬಾಗಿಲನ್ನು ಮುಟ್ಟುವಾಗ ಮೂರೂವರೆ ಗಂಟೆಯಾದರೂ ಕಳೆದಿರುತ್ತದೆ. ಮದ್ದು ಬಲೆಗೆ ಬಲವಾಗಿ ನೆರವಾಗುವ ಆ 2 ಗಂಟೆ 20 ನಿಮಿಷವು ಜಹೀರಾಬಾದಿನ ಆಸುಪಾಸಿನ ರಸ್ತೆಯಲ್ಲಿ, ಯಾರ ಗಮನಕ್ಕೂ ಬಾರದೆ, ಕಿಟಕಿಯ ಹೊರಗೆ ಸರಿದುಹೋಗಿರುತ್ತದೆ.

ಆದ್ದರಿಂದಲೇ ‘ಸೀದಾ ಹೈದ್ರಾಬಾದಿಗೆ’ ಎಂಬ ಸಲಹೆ ಅರ್ಧ ಮಾತ್ರ ಸರಿ ಎಂದೆ. ಹೋಗಬೇಕಾದದ್ದು ನಿಜ, ಆದರೆ ನಡುವೆ, ಸಿ.ಟಿ. ಯಂತ್ರವೂ ಮದ್ದೂ ಇರುವ ಅತ್ಯಂತ ಹತ್ತಿರದ ಆಸ್ಪತ್ರೆಯಲ್ಲಿ ನಿಂತು, ರಕ್ತಸ್ರಾವವಿಲ್ಲವೆಂದು ನೋಡಿಸಿಕೊಂಡು, ಚುಚ್ಚುಮದ್ದನ್ನು ಪಡೆದು, ಅದೇ ಆಂಬುಲೆನ್ಸಿನಲ್ಲಿ ಮುಂದಕ್ಕೆ ಹೊರಡಬೇಕು. ಬಲೆಯಿರುವ ಕಡೆಗೆ ರೋಗಿಯೇ ಹೋಗಬೇಕು. ಮದ್ದಾದರೋ ರೋಗಿಯಿರುವ ಕಡೆಗೆ ಬರಬಲ್ಲುದು. ಮಹಾನಗರದ ರೋಗಿಗೆ ಮದ್ದು ಬೇಕೆ ಬೇಡವೆ ಎಂಬ ಪ್ರಶ್ನೆಯಿದ್ದರೆ ಇರಲಿ. ದೂರದೂರಿನ ರೋಗಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ದೂರ ಹೆಚ್ಚಿದಷ್ಟೂ ಅವನ ಪಾಲಿಗೆ ಮದ್ದಿನ ಬೆಲೆ ಹೆಚ್ಚುತ್ತದೆ. ಏಕೆಂದರೆ ಪ್ರಯಾಣ ಸಾಗುತ್ತಿರುವಾಗ ಅದು ರಕ್ತದಲ್ಲಿ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಪಂಪಿನ ಹಂಗಿಲ್ಲದ ಒಂದೇ ಚುಚ್ಚುಮದ್ದು ಓಡುವ ಗಾಡಿಗೆ ಎಷ್ಟು ಅನುಕೂಲವೆಂಬುದನ್ನು ಹಳ್ಳಿಯ ರಸ್ತೆಯಲ್ಲಿ ಆಂಬುಲೆನ್ಸ್ ಏರಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಡುವೆ ನಿಲ್ಲುವುದರಿಂದ ಹೊತ್ತು ಹಾಳಾಗದೆ ಎಂಬ ಶಂಕೆಗೆ ಸ್ಪೇನಿನ ಕಟಲೋನಿಯ ಪ್ರಾಂತದಲ್ಲಿ ಒಂದು ಉತ್ತರ ದೊರೆತಿದೆ. ನಗರಗಳಿಂದ ದೂರವಿದ್ದ 1401 ರೋಗಿಗಳಲ್ಲಿ ಕೆಲವರನ್ನು ಹತ್ತಿರದ ಆಸ್ಪತ್ರೆಗೂ, ಉಳಿದವರನ್ನು ನೇರವಾಗಿ ಬಲೆಯಿರುವ ಆಸ್ಪತ್ರೆಗೂ ಒಯ್ದು ನೋಡಿದಾಗ, ಮೂರು ತಿಂಗಳ ಮೇಲೆ ಎರಡು ಗುಂಪುಗಳ ಸ್ಥಿತಿಯಲ್ಲಿ ಭೇದ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಆದರೆ ಅಲ್ಲಿನ ಸಣ್ಣ ಆಸ್ಪತ್ರೆಗಳು ಚುರುಕಾಗಿ ಕೆಲಸ ಮುಗಿಸಿ ಕಳುಹಿಸಿಕೊಡುತ್ತಿದ್ದುವೆಂಬುದನ್ನು ಜೊತೆಗೇ ಹೇಳಬೇಕು. ಸ್ಕ್ಯಾನ್ ಕೋಣೆಯ ಕೀಲಿಕೈ ಹುಡುಕುವುದರಲ್ಲಿ ಒಂದು ಗಂಟೆ ಕಳೆಯುವ ಕಡೆಗೆ ಆ ಫಲಿತಾಂಶ ಅನ್ವಯಿಸದು.

ಹೃದಯಕ್ಕೆ ಸಂದದ್ದು ಮಿದುಳಿಗೆ

ಟೆನೆಕ್ಟೆಪ್ಲೇಸ್ ಎಂಬ ಹೆಸರು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದೇನಲ್ಲ. ಕರ್ನಾಟಕ ಸರಕಾರವು 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ಬಂದವರ ಇ.ಸಿ.ಜಿ.ಯನ್ನು ದೂರದ ಹೃದ್ರೋಗತಜ್ಞರು ನೋಡಿ ಹೇಳಿದೊಡನೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ಚುಚ್ಚುವ ಸಾವಿರಾರು ರೂಪಾಯಿ ಬೆಲೆಯ ಮದ್ದು ಇದೇ. ಮೊದಲು ಮದ್ದು, ಅನಂತರ ದೊಡ್ಡ ಆಸ್ಪತ್ರೆಯ ಕ್ಯಾಥೆಟರ್ ಕೋಣೆ ಎಂಬ ಕ್ರಮವನ್ನು ಹೃದಯದ ವಿಷಯದಲ್ಲಿ ನಾವು ಆಗಲೇ ಒಪ್ಪಿ ನಡೆಸುತ್ತಿದ್ದೇವೆ. ಭಾರತದಲ್ಲಿ ಈ ಮದ್ದನ್ನು ತಯಾರಿಸುವ ಜೆನ್ನೋವಾ ಸಂಸ್ಥೆ ಪುಣೆಯಲ್ಲಿದೆ. ಅಂದರೆ ರಾಜೇಶ್ವರದ ಮುಂದೆ ಹಾದುಹೋಗುವ ರಸ್ತೆಯ ಪಡುವಣ ತುದಿಯಲ್ಲಿ ಮದ್ದು, ಮೂಡಣ ದಿಕ್ಕಿನಲ್ಲಿ ಬಲೆ. ಪಾರ್ಶ್ವವಾಯುವಿಗೆ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ್ದು 2025ರ ಮಾರ್ಚಿನಲ್ಲಿ. ಭಾರತದಲ್ಲಿ ಅದಕ್ಕಿಂತ ಮುಂಚೆಯೇ ಅನುಮತಿ ಇತ್ತು.

ಹೃದಯಕ್ಕೂ ಮಿದುಳಿಗೂ ನಡುವೆ ಅಡ್ಡಿಯಾಗಿ ನಿಂತಿರುವುದು ಮುಖ್ಯವಾಗಿ ಸಿ.ಟಿ. ಯಂತ್ರ. ಎದೆಯ ವಿಷಯವನ್ನು ಮೇಜಿನ ಮೇಲಿಡುವ ಇ.ಸಿ.ಜಿ. ಪೆಟ್ಟಿಗೆ ಹೇಳಿಬಿಡುತ್ತದೆ, ತಲೆಯೊಳಗೆ ನೆತ್ತರು ಸುರಿದಿಲ್ಲವೆಂದು ಹೇಳಲು ಆ ದೊಡ್ಡ ಯಂತ್ರವೇ ಆಗಬೇಕು, ಅದು ನಡುರಾತ್ರಿಯಲ್ಲಿಯೂ ನಡೆಯಬೇಕು, ಚಿತ್ರವನ್ನು ಓದಿ ಹೇಳುವ ಒಂದು ಧ್ವನಿ ಫೋನಿನ ಆಚೆಗಿರಬೇಕು. ಇದು ಅಸಾಧ್ಯವಾದ ಬೇಡಿಕೆಯಲ್ಲ. ಹಿಮಾಚಲ ಪ್ರದೇಶದಂಥ ಗುಡ್ಡಗಾಡಿನ ರಾಜ್ಯದಲ್ಲಿ 2014ರಿಂದ, ನರವೈದ್ಯರಿಲ್ಲದ ಆದರೆ ಸಿ.ಟಿ. ಇರುವ ಸರಕಾರಿ ಆಸ್ಪತ್ರೆಗಳ ಸಾಮಾನ್ಯ ವೈದ್ಯರು, ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿ, ವೈದ್ಯಕೀಯ ಕಾಲೇಜಿನ ತಜ್ಞರ ಮಾತಿನಂತೆ ಮದ್ದನ್ನು ಉಚಿತವಾಗಿ ಕೊಡುತ್ತ ಬಂದಿದ್ದಾರೆ. ನಮ್ಮಲ್ಲಿಯೂ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲಾಗಿ ಇತರ ಜಿಲ್ಲೆಗಳಿಗೂ ಹಬ್ಬಿದ ‘ಕಾಭಿ’ ಎಂಬ ಮಿದುಳಿನ ಆರೋಗ್ಯದ ಕಾರ್ಯಕ್ರಮವುಂಟು. ಆ ಧ್ವನಿ ಹುಮನಾಬಾದು ಬಸವಕಲ್ಯಾಣಗಳ ರಾತ್ರಿಪಾಳಿಯ ವೈದ್ಯನ ಕಿವಿಯವರೆಗೆ ಬರಬೇಕು. ವೈದ್ಯ ಸಂಗಣ್ಣನೆಂಬ ಶರಣನು ಚಿಕಿತ್ಸೆಯನ್ನೇ ಕಾಯಕವನ್ನಾಗಿ ಕೈಗೊಂಡಿದ್ದ ಕಲ್ಯಾಣದ ನೆಲವಿದು. ಈ ನೆಲದ ರೋಗಿಗೆ ದೂರವೊಂದೇ ಕಾರಣವಾಗಿ ಮಾತು ಹೋಗಬಾರದೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

‘ಛಲೋ ಇದ್ದಿದ್ದು ಯಾವಾಗ?’

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ರೋಗಿಯ ಹೆಸರನ್ನಾದರೆ ಎರಡನೆಯದಾಗಿ ಕೇಳುವುದು ಈ ಪ್ರಶ್ನೆಯನ್ನು: ‘ಕಡೀಗಿ ಛಲೋ ಇದ್ದಿದ್ದು ಯಾವಾಗ ನೋಡೀರಿ?’ ಗಡಿಯಾರ ಓಡತೊಡಗುವುದು ರೋಗವನ್ನು ಕಂಡ ಹೊತ್ತಿನಿಂದಲ್ಲ, ರೋಗಿಯನ್ನು ಕೊನೆಯದಾಗಿ ಚೆನ್ನಾಗಿ ಕಂಡ ಹೊತ್ತಿನಿಂದ. ನಿದ್ದೆಯಿಂದ ಏಳುವಾಗಲೇ ಕೈ ಸೋತಿದ್ದರೆ ಹಿಂದಿನ ರಾತ್ರಿ ಮಲಗಿದ ಹೊತ್ತನ್ನೇ ಹೇಳಬೇಕಾಗುತ್ತದೆ; ಆಗ ಮದ್ದಿನ ಕಾಲ ಮೀರಿದಂತೆ ಕಂಡರೂ, ವಿಶೇಷ ಸ್ಕ್ಯಾನಿನಲ್ಲಿ ಅರೆನೆರಳು ಉಳಿದಿರುವುದು ತೋರಿದರೆ ಬಲೆಯ ಬಾಗಿಲು ತೆರೆದಿರಬಹುದಾದ್ದರಿಂದ, ಹೊತ್ತಾಯಿತೆಂದು ಮನೆಯಲ್ಲಿಯೇ ಕೂರಬಾರದು.

ಮುಖ ಒಂದು ಕಡೆಗೆ ಜಾರಿದೆಯೇ, ಎರಡು ಕೈಗಳನ್ನೂ ಚಾಚಿ ಹಿಡಿಯೆಂದರೆ ಒಂದು ಕೆಳಗಿಳಿಯುತ್ತದೆಯೇ, ಮಾತು ತೊದಲುತ್ತದೆಯೇ ಎಂಬ ಮೂರರಲ್ಲಿ ಒಂದಾದರೂ ಇದ್ದರೆ 108ಕ್ಕೆ ಕರೆ ಹೋಗಬೇಕು. ನುಂಗುವ ಶಕ್ತಿ ಕೆಟ್ಟಿರುವ ಸಂಭವವಿರುವುದರಿಂದ ಬಾಯಿಗೆ ನೀರನ್ನೂ ಹಾಕಬಾರದು. ದಿನವೂ ನುಂಗುವ ಗುಳಿಗೆಗಳ ಚೀಟಿಯನ್ನು, ಅದರಲ್ಲಿಯೂ ರಕ್ತ ತೆಳುಮಾಡುವ ಗುಳಿಗೆಗಳಿದ್ದರೆ ಅವುಗಳ ಹಾಳೆಯನ್ನು, ಮರೆಯದೆ ಜೊತೆಗೊಯ್ಯಬೇಕು. ಮದ್ದು ಕೊಡಬಹುದೇ ಎಂಬ ನಿರ್ಣಯವು ಎಷ್ಟೋ ವೇಳೆ ಆ ಒಂದು ಹಾಳೆಯ ಮೇಲೆ ನಿಲ್ಲುತ್ತದೆ.

ಮದ್ದು ಒಳಸೇರಿ, ಬಲೆಯಲ್ಲಿ ಹೆಪ್ಪು ಹೊರಬಂದು, ಪರದೆಯ ಮೇಲೆ ಧಮನಿಯ ಕೊಂಬೆರೆಂಬೆಗಳು ಮತ್ತೆ ತುಂಬಿ ಕಂಡ ತರುವಾಯವೂ ಕೆಲಸ ಮುಗಿಯುವುದಿಲ್ಲ. ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ, ಅನಂತರದ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಮರುದಿನದವರೆಗೆ ಗಂಟೆಗೊಮ್ಮೆ ನರ್ಸಮ್ಮನವರು ಬಂದು ರಕ್ತದೊತ್ತಡವನ್ನು ಅಳೆದು, ‘ಕೈ ಎತ್ತ್ರಿ ಕಾಕಾ, ನಿಮ್ಮ ಹೆಸರು ಹೇಳ್ರಿ’ ಎಂದು ಕೇಳುತ್ತಿರುತ್ತಾರೆ. ಒತ್ತಡ ಏರಿದರೆ, ಮಾತು ಮತ್ತೆ ತೊಡರಿದರೆ, ತಲೆನೋವೆಂದರೆ, ಕೂಡಲೇ ಇನ್ನೊಂದು ಸ್ಕ್ಯಾನ್. ಏನೂ ಆಗದೆ ರಾತ್ರಿ ಕಳೆದರೂ 24 ಗಂಟೆಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ನೆತ್ತರು ಎಲ್ಲಿಯೂ ಜಿನುಗಿಲ್ಲವೆಂದು ಕಂಡ ಬಳಿಕವೇ, ಮನೆಯ ಕಟ್ಟೆಯ ಮೇಲೆ ಕೊಡಬಾರದೆಂದು ಹೇಳಿದ ಆ ಆಸ್ಪಿರಿನ್ ಗುಳಿಗೆಯನ್ನು ಯಜಮಾನನ ಬಲಗೈಗೆ ಇಡುತ್ತಾರೆ.